ಹಾಲು ಬತ್ತುವ ತನಕ ಇಂಗ್ಲಿಷು

ಚಳಿ ಬಿಡುತ್ತಿದ್ದ ದಿನಗಳು. ಬೆಳಗಿನ ಮಂಜು ಇನ್ನೂ ಕೊಟ್ಟಿಗೆಯ ತಗಡಿನ ಮೇಲೆ ಕೂತೇ ಇರುತ್ತಿತ್ತು, ಆದರೆ ಹಸುಗಳ ಮೂಗಿನಿಂದ ಹೊರಡುವ ಹಬೆ ಮೊದಲಿನಷ್ಟು ದಪ್ಪವಿರಲಿಲ್ಲ. ನಲವತ್ತು ಹಸುಗಳಿದ್ದ ಆ ಡೇರಿಯಲ್ಲಿ ಹಿಂಡುವವರು ನಾಲ್ಕು ಜನ, ತಲೆಗೆ ಹತ್ತು ಹಸು. ನೊರೆಯಕ್ಕ ತನ್ನ ಪಾಲಿನ ಏಳನೆಯದರ ಕೆಳಗೆ ಕೂತಿದ್ದಳು. ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿತ್ತು, ಅಲ್ಲಿಂದ ಎಂದೂ ಹೊರಗೆ ಬಂದದ್ದಿಲ್ಲ. ಅವಳು ಹಿಂಡಿದರೆ ಬಕೆಟ್ಟಿನ ಮೇಲೆ ನಾಲ್ಕು ಬೆರಳು ನೊರೆ ಏಳುತ್ತಿತ್ತು. ಹಾಲು ಅಳೆಯುವವನು ಅದು ಕೂರಲಿ ಎಂದು ಹೊರಗೆ ಒಂದು ಸುತ್ತು ಹಾಕಿ ಬರುತ್ತಿದ್ದ.

ಮ್ಯಾನೇಜರು ಬಂದು ಸೆಗಣಿಯಿಲ್ಲದ ಒಂದೇ ಒಂದು ಇಟ್ಟಿಗೆಯ ಮೇಲೆ ಎರಡೂ ಕಾಲು ಜೋಡಿಸಿ ನಿಂತರು. ಅವರು ಕೊಟ್ಟಿಗೆಯೊಳಗೆ ಬಂದರೆ ಕೆಟ್ಟ ಸುದ್ದಿಯೇ ಎಂದು ಹಸುಗಳಿಗೂ ಗೊತ್ತಿತ್ತು.

"ಇನ್ನೆರಡು ತಿಂಗಳಿಗೆ ಹಿಂಡೋ ಮಿಷನ್ ಬರುತ್ತೆ. ನಾಲ್ಕು ಜನ ಬೇಕಾಗಲ್ಲ. ಮೇಲ್ವಿಚಾರಣೆಗೆ ಒಬ್ಬರು ಸಾಕು. ಮಿಷನ್ ನಿಂತರೆ ಏನಾಯ್ತು, ಹೇಗಾಯ್ತು, ಯಾವಾಗಿಂದ ಆಗ್ತಾ ಇದೆ ಅಂತ ಕಂಪನಿಗೆ ಫೋನ್ ಮಾಡಿ ಹೇಳ್ಬೇಕು. ಆ ಕಡೆ ಇರೋರಿಗೆ ಇಂಗ್ಲಿಷ್ ಬಿಟ್ಟು ಬೇರೆ ಬರಲ್ಲ. ಅದಕ್ಕೇ ಇಂಟರ್‌ವ್ಯೂ ಇಂಗ್ಲಿಷಲ್ಲೇ."

ನೊರೆಯಕ್ಕ ಹಸುವಿನ ಪಕ್ಕೆಗೆ ಒರಗಿಸಿದ್ದ ಹಣೆಯನ್ನು ಎತ್ತದೆಯೇ ಕೇಳಿದಳು: "ಹಸು ಒದ್ರೆ ಯಾವ ಭಾಷೆಯಲ್ಲಿ ಬೈಯೋದು ಸಾರ್?"

ಎಲ್ಲರೂ ನಕ್ಕರು. ಮ್ಯಾನೇಜರು ನಗಲಿಲ್ಲ, ಇಟ್ಟಿಗೆಯ ಮೇಲೆ ತೂಕ ತಪ್ಪೀತೆಂಬ ಭಯ ಅವರಿಗೆ.

ಉಳಿದ ಮೂವರು ಕೊಟ್ಟಷ್ಟು ತೆಗೆದುಕೊಂಡು ಹೊರಡುವುದೆಂದು ಮಧ್ಯಾಹ್ನದೊಳಗೆ ತೀರ್ಮಾನಿಸಿದರು. ನೊರೆಯಕ್ಕ ಹೊರಡುವುದಾದರೂ ಎಲ್ಲಿಗೆ? ಕೊಟ್ಟಿಗೆಯ ಹಿಂದಿನ ಎರಡು ಕೋಣೆಗಳಲ್ಲಿ ಅವಳ ಸಂಸಾರ ಇಪ್ಪತ್ತೆರಡು ವರ್ಷದಿಂದ ಬೇರುಬಿಟ್ಟಿತ್ತು. ಕೆಲಸ ಹೋದರೆ ಕೋಣೆಯೂ ಹೋಗುತ್ತದೆ. ಗಂಡ ಹಾಲಿನ ಟ್ಯಾಂಕರ್ ಓಡಿಸುತ್ತಿದ್ದ, ವಾರಕ್ಕೊಮ್ಮೆ ಬಂದು ನಿದ್ದೆ ಮಾಡಿ ಹೋಗುತ್ತಿದ್ದ. ಮನೆಯಲ್ಲಿ ಮಾತಿಗೆಂದು ಇದ್ದವಳು ಅತ್ತೆ, ಇಬ್ಬರಿಗಾಗುವಷ್ಟು ಮಾತು ಅವಳೊಬ್ಬಳ ಹತ್ತಿರವೇ ಇತ್ತು.

"ಕೆಲಸಕ್ಕೆ ಇನ್ಯಾರು ನಿಂತಿದ್ದಾರೆ?" ಎಂದಳು ಅತ್ತೆ.

"ಬೂಟಣ್ಣ."

ಬೂಟಣ್ಣನೆಂದರೆ ಹಿಂಡಿ ಗೋದಾಮಿನ ಗುಮಾಸ್ತ. ಇಂಗ್ಲಿಷ್ ಶಾಲೆಯಲ್ಲಿ ಓದಿದವನು. ಬೂಟಿಗೆ ಸೆಗಣಿ ತಾಗೀತೆಂದು ಕೊಟ್ಟಿಗೆಯ ಬಾಗಿಲಲ್ಲೇ ನಿಂತು ಹಸುಗಳನ್ನು ಎಣಿಸುವವನು.

"ಅವನಿಗೆ ಹಸುವಿನ ಮುಂದು ಯಾವುದು ಹಿಂದು ಯಾವುದು ಅನ್ನೋದೂ ಗೊತ್ತಿಲ್ಲವಲ್ಲೇ."

"ಇಂಗ್ಲಿಷಲ್ಲಿ ಗೊತ್ತಿದೆ ಅತ್ತೆ."

"ನೀನೂ ಕಲಿ ಹಾಗಾದ್ರೆ. ನಲವತ್ತಮೂರು ಒಂದು ವಯಸ್ಸಾ? ನೋಡೋಣ, ಹಸು ಅಂಬಾ ಅನ್ನೋದು ಬಿಟ್ಟು ಹಲೋ ಅನ್ನುತ್ತೋ ಏನೋ."

ಊರಲ್ಲಿ ಇಂಗ್ಲಿಷ್ ಹೇಳಿಕೊಡಬಲ್ಲವರು ಒಬ್ಬರೇ ಇದ್ದರು: ಮಿಸ್ಸು. ಮೂವತ್ತು ವರ್ಷ ಸೀಮೆಸುಣ್ಣ ಹಿಡಿದು ನಿವೃತ್ತರಾದವರು. ನೊರೆಯಕ್ಕನನ್ನು ಆರನೇ ತರಗತಿಯಲ್ಲಿ ಬೆಂಚಿನ ಮೇಲೆ ನಿಲ್ಲಿಸಿ, "ನೀನು ಹಸು ಹಿಂಡೋಕೇ ಲಾಯಕ್ಕು" ಎಂದವರೂ ಅವರೇ. ಮರುವರ್ಷ ನೊರೆಯಕ್ಕ ಶಾಲೆಗೆ ಹೋಗಲಿಲ್ಲ. ಗುರುಗಳ ಮಾತು ಮೀರಬಾರದಲ್ಲ.

ಮಿಸ್ಸಿನ ಹಿತ್ತಲಲ್ಲಿ ಒಂದು ಹಸು ಇತ್ತು. ಅದು ಮೂರು ಜನ ಹಾಲಿನವರನ್ನು ಒದ್ದು ಓಡಿಸಿತ್ತು. ಊರವರು ಅದನ್ನು ಹೆಡ್‌ಮಿಸ್ಸು ಎನ್ನುತ್ತಿದ್ದರು, ಮಿಸ್ಸಿನ ಕಿವಿಗೆ ಬೀಳದ ಹಾಗೆ. ಮಿಸ್ಸೇ ಹಿಂಡೋಣವೆಂದರೆ ಕೀಲುನೋವಿಗೆ ಅವರ ಹೆಬ್ಬೆರಳು ಮಡಚುತ್ತಿರಲಿಲ್ಲ. ನೊರೆಯಕ್ಕ ಹೋದ ದಿನ ಅವರು ಎರಡು ಬೆರಳಲ್ಲಿ ಮೊಲೆ ಹಿಡಿದು, ಅರ್ಧ ಗಂಟೆಯಲ್ಲಿ ಒಂದು ಲೋಟ ಹಾಲು ಸಂಪಾದಿಸಿ, ಅದನ್ನೂ ಒದೆಸಿಕೊಂಡು ಕೂತಿದ್ದರು.

"ಏನು ಹುಡುಗಿ, ಇಷ್ಟು ವರ್ಷಕ್ಕೆ?"

ನೊರೆಯಕ್ಕ ಬಂದ ಕಾರಣ ಹೇಳಿದಳು. ಮಿಸ್ಸು ಅವಳ ಮುಖ ನೋಡಲಿಲ್ಲ, ಕೈ ನೋಡಿದರು.

"ಒಂದು ಹೊತ್ತು ಹಿಂಡಿದ್ರೆ ಒಂದು ಪಾಠ. ಹಾಲಿಲ್ಲದ ಹೊತ್ತು ಪಾಠ ಇಲ್ಲ. ಪಾಠ ಇಲ್ಲದ ಹೊತ್ತು ನೀನೂ ಹಿಂಡಬೇಡ. ಬಾಕಿ ಬಾಕಿ ಅಂತ ಆಮೇಲೆ ಇಬ್ಬರೂ ರಾಗ ಎಳೆಯೋದು ಬೇಡ."

"ಆಗ್ಲಿ ಮಿಸ್ಸೇ."

ಹೀಗೆ ಶುರುವಾಯಿತು. ಡೇರಿಯ ಕೆಲಸ ಮುಗಿಸಿ ಬೆಳಗ್ಗೆ ಎಂಟಕ್ಕೊಮ್ಮೆ, ಸಂಜೆ ಐದೂವರೆಗೊಮ್ಮೆ. ನೊರೆಯಕ್ಕ ಹಸುವಿನ ಬಲಕ್ಕೆ, ಮಿಸ್ಸು ಎಡಕ್ಕೆ ಬೋರಲು ಹಾಕಿದ ಡಬ್ಬದ ಮೇಲೆ. ಒಬ್ಬರಿಗೊಬ್ಬರು ಕಾಣುತ್ತಿದ್ದುದು ಹಸುವಿನ ಹೊಟ್ಟೆಯ ಕೆಳಗಿನ ಸಂದಿಯಲ್ಲಿ ಮಾತ್ರ. ಪುಸ್ತಕವಿಲ್ಲ, ಹಲಗೆಯಿಲ್ಲ. ಕೈ ಖಾಲಿಯಿಲ್ಲದವಳಿಗೆ ಪುಸ್ತಕ ಕೊಟ್ಟು ಏನು ಮಾಡುವುದು?

ಮಿಸ್ಸು ಮೂರು ಮೊಲೆಗಳಿಗೆ ಮೂರು ಕಾಲ ಹಂಚಿದರು. ಮುಂದಿನ ಎಡದ್ದು ಆಗಿಹೋದದ್ದು, ಮುಂದಿನ ಬಲದ್ದು ಆಗುತ್ತಿರುವುದು, ಹಿಂದಿನ ಬಲದ್ದು ಆಗಬೇಕಾದದ್ದು. ವಾಸ್ ಎಂದು ಇದನ್ನು ಹಿಂಡು, ಈಸ್ ಎಂದು ಅದನ್ನು ಹಿಂಡು, ವಿಲ್ ಎಂದು ಅತ್ತ ಕೈ ಹಾಕು. ಹಿಂದಿನ ಎಡ ಮೊಲೆ ಕೆಚ್ಚಲು ಬಾವಿನಿಂದ ಎಂದೋ ಕುರುಡಾಗಿತ್ತು.

"ಇದು ಯಾವ ಕಾಲ ಮಿಸ್ಸೇ?"

"ಅದು ನೀನು ನನ್ನ ಕ್ಲಾಸಲ್ಲಿ ಕೂತಿದ್ದ ಕಾಲ. ಏನು ಹಿಂಡಿದ್ರೂ ಬರ್ತಿರ್ಲಿಲ್ಲ."

ನೊರೆಯಕ್ಕ ಹಲ್ಲು ಕಚ್ಚಿ ವಿಲ್ ಅನ್ನು ಸ್ವಲ್ಪ ಜೋರಾಗಿಯೇ ಹಿಂಡಿದಳು. ಹೆಡ್‌ಮಿಸ್ಸು ಕಾಲೆತ್ತಿತು.

"ಏನಾಯ್ತು ಹೇಳು, ಇಂಗ್ಲಿಷಲ್ಲಿ."

"ಶಿ ಕಿಕ್... ಶಿ ವಿಲ್ ಕಿಕ್."

"ಕಾಲು ಗಾಳಿಯಲ್ಲಿದೆಯಲ್ಲೇ."

"ಶಿ ಈಸ್ ಕಿಕಿಂಗ್!" ಎಂದಳು ನೊರೆಯಕ್ಕ, ಬಕೆಟ್ಟು ಎಳೆದುಕೊಳ್ಳುತ್ತ. ಬಕೆಟ್ಟು ಉಳಿಯಿತು, ಅವಳು ಉಳಿಯಲಿಲ್ಲ. ಗೋಡೆಗೆ ಒರಗಿ ಮೊಣಕಾಲು ತಿಕ್ಕುತ್ತ, "ಶಿ ಕಿಕ್ಡ್" ಎಂದು ತಾನಾಗಿಯೇ ಮುಗಿಸಿದಳು.

"ಪರವಾಗಿಲ್ಲ," ಎಂದರು ಮಿಸ್ಸು. "ನಿನ್ನ ಜೊತೆಯವರಿಗೆ ಇದನ್ನ ಹೇಳಿಕೊಡೋಕೆ ನನಗೆ ಒಂದು ವರ್ಷ ಹಿಡಿದಿತ್ತು. ಕ್ಲಾಸಿನಲ್ಲಿ ಹಸು ಇರಲಿಲ್ಲ ನೋಡು."

ಕಷ್ಟವಾದದ್ದು ಹ್ಯಾವ್, ಹ್ಯಾಸ್, ಹ್ಯಾಡ್‌ಗಳ ಹತ್ತಿರ. ಅವುಗಳಿಗೆ ಸ್ವಂತ ಕೆಲಸವಿಲ್ಲ, ಆದರೂ ಎಲ್ಲ ಕಡೆ ಮೂಗು ತೂರಿಸುತ್ತವೆ. ಬೂಟಣ್ಣನ ಹಾಗೆ, ಅನಿಸಿತು ನೊರೆಯಕ್ಕನಿಗೆ. ಮಿಸ್ಸು ಎರಡು ದಿನ ಯೋಚಿಸಿ, ಗೂಟದಲ್ಲಿದ್ದ ಕರುವನ್ನು ತೋರಿಸಿದರು. ಆ ಕರು ಬಾಯಿ ಹಾಕದೆ ಹೆಡ್‌ಮಿಸ್ಸು ಒಂದು ಹನಿ ಇಳಿಸುತ್ತಿರಲಿಲ್ಲ.

"ಆ ಕರು ಹಾಲು ಕೊಡುತ್ತಾ?"

"ಕರು ಎಲ್ಲಿ ಕೊಡುತ್ತೆ ಮಿಸ್ಸೇ? ಕುಡಿಯುತ್ತೆ."

"ಅದನ್ನ ಬಿಡದೆ ಹಿಂಡು ನೋಡೋಣ."

"ಪ್ರಾಣ ಹೋದ್ರೂ ಇಳಿಸಲ್ಲ ಇದು."

"ಹಾಂ. ಹ್ಯಾವ್, ಹ್ಯಾಸ್, ಡು, ಡಸ್, ಡಿಡ್, ಇವೆಲ್ಲ ಕರುಗಳು. ತಾವು ಹಾಲು ಕೊಡಲ್ಲ. ಆದ್ರೆ ಮೊದಲು ಇವು ಬಂದು ಮೂತಿ ಇಡದೆ ದೊಡ್ಡ ಕ್ರಿಯಾಪದ ಹಾಲು ಇಳಿಸಲ್ಲ."

ನೊರೆಯಕ್ಕನ ಕೈ ನಿಂತಿತು. ಮೂವತ್ತು ವರ್ಷ ಬೀಗ ಹಾಕಿದ್ದ ಯಾವುದೋ ಬಾಗಿಲು ಕಿರ್ ಎಂದಿತು. "ಅಯ್ಯೋ, ಇಷ್ಟೇನಾ? ಆಗಲೇ ಹೀಗೆ ಹೇಳಿದ್ರೆ ಆಗ್ತಿರ್ಲಿಲ್ವಾ?"

"ಆಗ ನನಗೂ ಹಸು ಇರಲಿಲ್ಲ ಕಣೇ."

ಆಮೇಲೆ ಪಾಠ ಓಡಿತು. ಡಸ್ ಬಂದರೆ ಗೋಸ್ ಯಾಕೆ ಗೋ ಆಗುತ್ತದೆ? ಒಂದೇ ಹಾಲನ್ನು ಎರಡು ಸಲ ಹಿಂಡೋಕಾಗಲ್ಲ, ಅದಕ್ಕೆ. ಐ ಹ್ಯಾವ್ ಮಿಲ್ಕ್ಡ್ ಅನ್ನುವುದಕ್ಕೂ ಐ ಮಿಲ್ಕ್ಡ್ ಅನ್ನುವುದಕ್ಕೂ ಏನು ವ್ಯತ್ಯಾಸ? ಇದಕ್ಕೆ ಮಿಸ್ಸು ತಡವರಿಸಿದಾಗ ನೊರೆಯಕ್ಕನೇ ಬಕೆಟ್ಟಿನೊಳಗೆ ಇಣುಕಿ ಹೇಳಿದಳು: "ಹಿಂಡಿ ಆಗಿದೆ, ನೊರೆ ಇನ್ನೂ ನಿಂತಿದೆ, ಅದು ಹ್ಯಾವ್ ಮಿಲ್ಕ್ಡ್. ನೊರೆ ಕೂತುಬಿಟ್ಟರೆ ಬರೀ ಮಿಲ್ಕ್ಡ್. ಹೌದಾ ಮಿಸ್ಸೇ?" ಮಿಸ್ಸು ಡಬ್ಬದಿಂದ ಬಗ್ಗಿ ತಾವೂ ಬಕೆಟ್ಟಿನೊಳಗೆ ನೋಡಿದರು. ಮಕ್ಕಳಿಂದ ತಾವು ಹಲಗೆಯ ಮೇಲೆ ಬರೆಸುತ್ತಿದ್ದ ಆರು ಸಾಲಿನ ಸೂತ್ರ ನೆನಪಾಗಿರಬೇಕು.

"ಎ, ಆನ್, ದಿ ಯಾವಾಗ ಮಿಸ್ಸೇ?"

"ಅವು ಕೊನೆಗೆ. ನೊಣದಂಥವು ಅವು. ಹಾಲಿಗೆ ಒಂದು ತೊಟ್ಟು ಸೇರಿಸಲ್ಲ. ಆದ್ರೆ ತಪ್ಪಾದ ಜಾಗದಲ್ಲಿ ಕೂತ್ರೆ ಹಸು ಒದೆಯುತ್ತೆ."

ನಲವತ್ತು ದಿನ ಕಳೆಯುವ ಹೊತ್ತಿಗೆ ಹಾಲು ಕಡಿಮೆಯಾಗುತ್ತ ಬಂದಿತ್ತು. ಹೆಡ್‌ಮಿಸ್ಸು ಗಬ್ಬವಾಗಿತ್ತು, ಏಳು ತಿಂಗಳು ತುಂಬಿತ್ತು. ಕರು ಹಾಕಲು ಎರಡು ತಿಂಗಳಿರುವಾಗ ಹಿಂಡುವುದನ್ನು ಬಿಡಿಸಿ ಹಾಲು ಬತ್ತಿಸಬೇಕು, ಇಲ್ಲವಾದರೆ ಹೊಟ್ಟೆಯೊಳಗಿನದರ ಪಾಲನ್ನು ನಾವು ಕಿತ್ತುಕೊಂಡಂತೆ. ಇದು ಮಿಸ್ಸಿಗೆ ಗೊತ್ತಿರಲಿಲ್ಲ. ನೊರೆಯಕ್ಕನಿಗೆ ಗೊತ್ತಿತ್ತು. ಗೊತ್ತಿದ್ದೂ ನಾಲ್ಕು ದಿನ ಹಿಂಡಿದಳು. ಪಾಠದ ಆಸೆಗೆ ಎಂಟು ಹೊತ್ತು, ಮಿಸ್ಸು ಮಾತ್ರ ಆ ಎಂಟೂ ಹೊತ್ತು ಹಳೇದನ್ನೇ ಒಪ್ಪಿಸಿಕೊಂಡರು. ಪ್ರತಿ ಸಲ ಹಸುವಿನ ಪಕ್ಕೆಗೆ ಹಣೆ ಒರಗಿಸಿದಾಗ ಒಳಗಿನದು ಅವಳ ಹಣೆಗೇ ಒದ್ದಂತಾಗುತ್ತಿತ್ತು. ಐದನೆಯ ದಿನ ಬಕೆಟ್ಟನ್ನು ಬೋರಲು ಹಾಕಿದಳು.

"ಇನ್ನು ಬಿಡಿಸ್ಬೇಕು ಮಿಸ್ಸೇ. ಇನ್ನೂ ಹಿಂಡಿದ್ರೆ ಪಾಪ ಸುತ್ತಿಕೊಳ್ಳುತ್ತೆ."

"ಇಂಟರ್‌ವ್ಯೂಗೆ ಎಷ್ಟು ದಿನ ಇದೆ?"

"ಹನ್ನೆರಡು."

"ಎ, ಆನ್, ದಿ ಉಳಿದಿದೆ."

"ಗೊತ್ತು."

"ಹಾಲಿಲ್ಲದೆ ಪಾಠ ಇಲ್ಲ ಅಂತ ಮಾತಾಗಿದೆ."

"ಅದೂ ಗೊತ್ತು."

ಮಿಸ್ಸು ಹಸುವನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು. ಮಾತಿನಿಂದ ಹಿಂದೆ ಸರಿಯುವ ಅಭ್ಯಾಸ ಅವರಿಗಿರಲಿಲ್ಲ, ಆದರೆ ಮಾತಿನ ಪಕ್ಕದಲ್ಲಿ ನುಸುಳಿಕೊಂಡು ಹೋಗುವ ದಾರಿ ಮೇಷ್ಟರುಗಳಿಗೆಲ್ಲ ಗೊತ್ತಿರುತ್ತದೆ. "ಹೊಸ ಪಾಠ ಇಲ್ಲ. ಹಳೇದನ್ನ ಒಪ್ಪಿಸೋಕೆ ಬಾ. ಒಪ್ಪಿಸೋದು ಪಾಠದ ಲೆಕ್ಕಕ್ಕೆ ಬರಲ್ಲ."

ಮರುದಿನ ಮೊದಲ ಬಾರಿಗೆ ಅವರು ಮನೆಯೊಳಗೆ, ಮೇಜಿನ ಎದುರುಬದುರು ಕೂತರು. ಮಿಸ್ಸು ಕೇಳಿದರು: "ವಾಟ್ ಡಿಡ್ ಯು ಡು ಯೆಸ್ಟರ್‌ಡೇ?"

ನೊರೆಯಕ್ಕ ಬಾಯಿ ತೆರೆದಳು. ಏನೂ ಬರಲಿಲ್ಲ. ಮಡಿಲಲ್ಲಿ ಕೈಗಳು ಕಳಚಿಟ್ಟ ಕೈಗವಸುಗಳಂತೆ ಬಿದ್ದಿದ್ದವು. ಈಸ್ ಎಲ್ಲಿ, ವಾಸ್ ಎಲ್ಲಿ? ಬಲಕ್ಕೆ ನೋಡಿದರೆ ಕುರ್ಚಿಯ ಕೈ, ಎಡಕ್ಕೆ ನೋಡಿದರೆ ಗೋಡೆ.

"ಬಾಯಿಗೆ ಏನಾಯ್ತೇ?"

"ಬಾಯಲ್ಲ ಮಿಸ್ಸೇ, ಕೈ. ಕೈಲಿ ಹಿಡಿಯೋಕೆ ಏನೂ ಇಲ್ಲ."

ಮಿಸ್ಸಿಗೆ ಆಗ ಅರ್ಥವಾಯಿತು. ತಾವು ತಲೆಗೆ ಕಲಿಸಿರಲಿಲ್ಲ, ಬೆರಳಿಗೆ ಕಲಿಸಿದ್ದರು. ಅವರು ಎದ್ದು ಹೋಗಿ ಪಾತ್ರೆ ತೊಳೆಯುವ ರಬ್ಬರ್ ಗವಸು ತಂದು, ಅದರಲ್ಲಿ ನೀರು ತುಂಬಿ, ಬಾಯಿ ಕಟ್ಟಿ, ಬೆರಳ ತುದಿಗಳಿಗೆ ಸೂಜಿಯಲ್ಲಿ ಚುಚ್ಚಿ, ಎರಡೂ ಕೈಯಿಂದ ಎತ್ತಿ ಹಿಡಿದರು. "ಹೂಂ, ಹಿಂಡು." ನೊರೆಯಕ್ಕ ಹಿಂಡಿದಳು. ಐ ಹ್ಯಾವ್, ಶಿ ಹ್ಯಾಸ್, ದೇ ಹ್ಯಾಡ್, ಮಿಸ್ಸಿನ ಮಡಿಲು ತೋಯ್ದು ತೊಪ್ಪೆಯಾಗುವ ತನಕ ಇಂಗ್ಲಿಷು ಸೊರ್ರನೆ ಹರಿಯಿತು. ಗವಸು ಖಾಲಿಯಾದದ್ದೇ ನಿಂತುಹೋಯಿತು.

ಮನೆಯಲ್ಲಿ ಅವಳು ಬೇರೆ ದಾರಿ ಕಂಡುಕೊಂಡಳು. ಅತ್ತೆಯ ಕಾಲು ಒತ್ತುವಾಗ ಇಂಗ್ಲಿಷು ಬರುತ್ತಿತ್ತು. ಎಡಗಾಲಿಗೆ ವಾಸ್, ಬಲಗಾಲಿಗೆ ಈಸ್.

"ಆ ವಿಲ್ ಅನ್ನೋದು ಸೊಂಟಕ್ಕೂ ಇದೆಯಾ?" ಎಂದಳು ಅತ್ತೆ, ಕಣ್ಣು ಮುಚ್ಚಿಕೊಂಡೇ. "ಇದ್ರೆ ಸ್ವಲ್ಪ ಹೇಳು. ಮೊದಲೇ ಕಲಿತಿದ್ರೆ ನನ್ನ ಕಾಲು ಇಷ್ಟು ಹಾಳಾಗ್ತಿರ್ಲಿಲ್ಲ."

ಆದರೆ ಇಂಟರ್‌ವ್ಯೂಗೆ ಅತ್ತೆಯ ಕಾಲನ್ನು ಒಯ್ಯುವ ಹಾಗಿರಲಿಲ್ಲ.

ಆ ದಿನ ಮ್ಯಾನೇಜರ ಕೋಣೆಯಲ್ಲಿ ಮಿಷನ್ ಕಂಪನಿಯ ಮೇಡಂ ಬಿಳಿ ಕೋಟು ಹಾಕಿಕೊಂಡು ಕೂತಿದ್ದರು. ಮೊದಲು ಹೋದ ಬೂಟಣ್ಣ ಇಪ್ಪತ್ತು ನಿಮಿಷದ ಮೇಲೆ ಹಲ್ಲು ಬಿಟ್ಟುಕೊಂಡು ಹೊರಗೆ ಬಂದ. "ಈಸಿ ಅಕ್ಕಾ. ನನ್ನ ಹಾಬಿ ಏನು ಅಂತ ಕೇಳಿದ್ರು."

ನೊರೆಯಕ್ಕನಿಗೆ ಕುರ್ಚಿ ತೋರಿಸಿದರು. ಎದುರಿಗೆ ಗಾಜಿನ ಮೇಜು, ಹಿಡಿಯಲು ಅಂಚೂ ಇಲ್ಲದ್ದು.

"ಟೆಲ್ ಮಿ ಅಬೌಟ್ ಯುವರ್ ವರ್ಕ್," ಎಂದರು ಮೇಡಂ, ಒಳ್ಳೆಯ ದನಿಯಲ್ಲಿ.

ಗೋಡೆ ಗಡಿಯಾರ ಟಿಕ್ ಅಂದಿತು. ಮತ್ತೆ ಟಿಕ್ ಅಂದಿತು. ಮ್ಯಾನೇಜರು ಕಿಟಕಿಯಾಚೆ ನೋಡತೊಡಗಿದರು. ಗಾಜಿನ ಕೆಳಗೆ ತನ್ನ ಕೈಗಳು ನೊರೆಯಕ್ಕನಿಗೇ ಕಾಣುತ್ತಿದ್ದವು: ದಪ್ಪ ಗೆಣ್ಣು, ಒಡೆದ ಉಗುರು. ಇಪ್ಪತ್ತೆರಡು ವರ್ಷ, ಎರಡು ಕೋಣೆ, ಅತ್ತೆಯ ಮಂಚ, ಎಲ್ಲ ಆ ಕೈಗಳ ಜೊತೆ ಸುಮ್ಮನೆ ಬಿದ್ದಿದ್ದವು. ಅವಳು ಎದ್ದು ನಿಂತಳು. ಮ್ಯಾನೇಜರು, ಸದ್ಯ ಹೊರಟಳು, ಅಂದುಕೊಂಡರು.

"ಮೇಡಂ," ಎಂದಳು. ಬಾಗಿಲ ಕಡೆ ಬೆರಳು ತೋರಿಸಿದಳು. "ಪ್ಲೀಸ್ ಕಮ್. ಕೌ."

ಮೇಡಂ ಎದ್ದರು. ಮ್ಯಾನೇಜರು ತಮ್ಮ ಇಟ್ಟಿಗೆ ಹುಡುಕಿಕೊಂಡು ಹಿಂದೆ ಬಂದರು. ಬೂಟಣ್ಣ ಬಾಗಿಲಲ್ಲಿ ನಿಂತ. ನೊರೆಯಕ್ಕ ಬಕೆಟ್ಟು ಎಳೆದುಕೊಂಡು, ಕೆಚ್ಚಲು ತೊಳೆದು, ತನ್ನ ಮೂರನೆಯ ಹಸುವಿನ ಕೆಳಗೆ ಕೂತಳು. ಮೊದಲ ಧಾರೆ ಖಾಲಿ ಬಕೆಟ್ಟಿಗೆ ಟಣ್ ಎಂದು ಹೊಡೆದದ್ದೇ ತಡ, ಅವಳ ಬಾಯಿ ಬಿಚ್ಚಿತು.

"ಐ ಹ್ಯಾವ್ ಮಿಲ್ಕ್ಡ್ ಹಿಯರ್ ಟ್ವೆಂಟಿಟೂ ಇಯರ್ಸ್. ದಿಸ್ ಕೌ ಈಸ್ ಗುಡ್. ದಟ್ ಕೌ ವಾಸ್ ಗುಡ್, ನೌ ಶಿ ಈಸ್ ಕಿಕಿಂಗ್. ಮ್ಯಾನೇಜರ್ ಹ್ಯಾಸ್ ನೆವರ್ ಟಚ್ಡ್ ಕೌ."

ಮೇಡಂ ಬಿಳಿ ಕೋಟನ್ನು ಮಡಚಿ ಹಿಡಿದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು. ಈ ಹಸು ನಾಲ್ಕೂ ಮೊಲೆಯಿಂದ ಕೊಡುತ್ತದೆಯೇ ಎಂದು ಕೇಳಿದರು.

"ದಿಸ್ ಕೌ ಡಸ್. ನೆಕ್ಸ್ಟ್ ಕೌ ಡಸ್ ನಾಟ್. ಶಿ ಹ್ಯಾಡ್ ಫೀವರ್, ಐ ಟೋಲ್ಡ್ ಮ್ಯಾನೇಜರ್, ಹಿ ಡಿಡ್ ನಾಟ್ ಕಮ್."

ಮ್ಯಾನೇಜರು ಕೆಮ್ಮಿದರು. "ಅದೆಲ್ಲ ಸರಿ. ಆದ್ರೆ ನಾಳೆ ಮಿಷನ್ ಬಂದ್ಮೇಲೆ ನೀನು ಕೈಲಿ ಹಿಂಡಲ್ಲ. ಹಿಂಡದೆ ನಿನಗೆ ಇಂಗ್ಲಿಷು ಬರಲ್ಲ. ಫೋನು ಹೇಗಮ್ಮಾ ಮಾಡ್ತೀಯಾ?"

ನೊರೆಯಕ್ಕ ಕೈ ನಿಲ್ಲಿಸಲಿಲ್ಲ. "ಫೋನು ಯಾವಾಗ ಮಾಡೋದು ಸಾರ್?"

"ಮಿಷನ್ ನಿಂತಾಗ."

"ಮಿಷನ್ ನಿಂತಾಗ ಹಸುಗಳ ಕೆಚ್ಚಲು ಬಿರಿಯುತ್ತೆ, ಯಾರಾದ್ರೂ ಹಿಂಡ್ಬೇಕಲ್ಲ. ನನ್ನ ಕೈ ಎಲ್ಲಿರುತ್ತೆ ಹಾಗಾದ್ರೆ?" ಮೇಡಂ ಕಡೆ ತಿರುಗಿ ಅದನ್ನೇ ಹಿಂಡುತ್ತ ಹಿಂಡುತ್ತ ಇಂಗ್ಲಿಷಿಗೆ ಇಳಿಸಿದಳು: "ಮಷೀನ್ ಸ್ಟಾಪ್ಸ್, ಐ ಮಿಲ್ಕ್. ಐ ಮಿಲ್ಕ್, ಐ ಸ್ಪೀಕ್." ಆಮೇಲೆ ಬಾಗಿಲ ಕಡೆ ಗದ್ದ ಎತ್ತಿ, "ಹಿ ವಿಲ್ ಹೋಲ್ಡ್ ಫೋನ್."

ಬೂಟಣ್ಣ ತನ್ನ ಬೂಟು ನೋಡಿಕೊಂಡ. ಮೇಡಂ ನಕ್ಕದ್ದಕ್ಕೆ ಪಕ್ಕದ ಹಸು ಬೆದರಿ ಬಾಲ ಬೀಸಿತು.

ಇಂಗ್ಲಿಷ್ ಎಲ್ಲಿ ಕಲಿತೆ ಎಂದು ಕೇಳಿದರಂತೆ. "ಅಂಡರ್ ಕೌ, ಮೇಡಂ" ಎಂದಳಂತೆ. ಕೆಲಸ ಅವಳಿಗೇ ಆಯಿತು. ಮೇಡಂ ಬರೆದುಕೊಟ್ಟ ಕಾಗದವನ್ನು ಮ್ಯಾನೇಜರು ಮನಸ್ಸಿಲ್ಲದ ಮನಸ್ಸಿನಿಂದ ಓದಿ ಹೇಳಿದರು: ಕ್ರಿಯಾಪದಗಳು ಗಟ್ಟಿಯಾಗಿವೆ, ಆರ್ಟಿಕಲ್ ಒಂದೂ ಇಲ್ಲ, ಬೇಗ ಕಲಿಯುವುದು.

ಬೇಸಿಗೆ ಬಲಿತಾಗ ಹೆಡ್‌ಮಿಸ್ಸು ಹೆಣ್ಣು ಕರು ಹಾಕಿತು. ಕರು ಗಟ್ಟಿಮುಟ್ಟಾಗಿತ್ತು. ನೊರೆಯಕ್ಕ ಅದರ ಪಕ್ಕೆ ಮುಟ್ಟಿ, ಕಾಲು ಎತ್ತಿ ನೋಡಿ, ಆ ನಾಲ್ಕು ದಿನದ ಭಾರವನ್ನು ಯಾರಿಗೂ ಹೇಳದೆ ಅಲ್ಲೇ ಇಳಿಸಿದಳು. ಹತ್ತು ದಿನ ಕಳೆದ ಮೇಲೆ ಒಂದು ಸಂಜೆ ಬಕೆಟ್ಟು ಹಿಡಿದು ಬಂದಳು. ಮಿಷನ್ ಬಂದಾಗಿತ್ತು, ಎರಡು ಸಲ ನಿಂತಾಗಿತ್ತು, ಬೂಟಣ್ಣ ಎರಡು ಸಲವೂ ಸೆಗಣಿಯಲ್ಲಿ ನಿಂತು ಫೋನು ಹಿಡಿದಾಗಿತ್ತು.

"ಹಸು ಹಿಂಡೋಕೇ ಲಾಯಕ್ಕು ಅಂದಿದ್ರಿ ನನಗೆ," ಎಂದಳು, ಡಬ್ಬದ ಮೇಲೆ ಕೂತಿದ್ದ ಮಿಸ್ಸಿಗೆ.

"ನಾನಾ? ಯಾವಾಗ ಅಂದೆ?"

"ಅಂದಿದ್ರಿ. ನೊರೆ ಕೂತು ಬಹಳ ದಿನ ಆಯ್ತು, ಬಿಡಿ. ಈಗ ನನ್ನ ಎ, ಆನ್, ದಿ ಕೊಡಿ."

"ಹಿಂಡು, ಕೊಡ್ತೀನಿ."

"ಕೊಡಿ, ಹಿಂಡ್ತೀನಿ. ಹೋದ ಸಲ ಕೊನೇ ದಿನಗಳಲ್ಲಿ ಎಂಟು ಹೊತ್ತು ಬರೀ ಹಳೇದನ್ನೇ ಒಪ್ಪಿಸಿಕೊಂಡ್ರಿ. ಆ ಎಂಟು ಹೊತ್ತಿನ ಹಾಲು ಕುಡಿದಿದ್ದೀರಿ."

"ಗವಸು ಹಿಡಿದು ನನ್ನ ಮಡಿಲು ನೆನೆಸಿಕೊಂಡೆನಲ್ಲ, ಅದು ಯಾರ ಲೆಕ್ಕ?"

"ಒಪ್ಪಿಸೋದು ಪಾಠದ ಲೆಕ್ಕಕ್ಕೆ ಬರಲ್ಲ ಅಂದೋರು ನೀವೇ."

"ಹಾಲಿಲ್ಲದೆ ಪಾಠ ಇಲ್ಲ."

"ಪಾಠ ಇಲ್ಲದೆ ಹಾಲಿಲ್ಲ."

ಮಿಸ್ಸು ಡಬ್ಬದಿಂದ ಎದ್ದರು. ಇಬ್ಬರೂ ಹಸುವಿನ ಬೆನ್ನ ಮೇಲಿಂದ ಒಬ್ಬರನ್ನೊಬ್ಬರು ದುರುಗುಟ್ಟಿ ನೋಡಿದರು. ಹೆಡ್‌ಮಿಸ್ಸು ಮಾತ್ರ, ಎಂದೂ ಇಲ್ಲದಂತೆ, ಅಲುಗಾಡದೆ ಅರೆಗಣ್ಣು ಮುಚ್ಚಿ ನಿಂತಿತ್ತು. ಅನುಮಾನ ಬಂದು ನೊರೆಯಕ್ಕ ಬಗ್ಗಿದಳು. ಗೂಟದ ಹಗ್ಗ ಬಿಚ್ಚಿಕೊಂಡಿತ್ತು. ಹೊಸ ಕರು ಮೂತಿಯ ತುಂಬ ನೊರೆ ಮಾಡಿಕೊಂಡು, ವಾಸ್ ಮುಗಿಸಿ, ಈಸ್ ಮುಗಿಸಿ, ವಿಲ್‌ನ ಕೊನೆಯ ಹನಿ ಎಳೆಯುತ್ತಿತ್ತು.

ನೊರೆಯಕ್ಕ ಖಾಲಿ ಬಕೆಟ್ಟು ಎತ್ತಿಕೊಂಡಳು.

"ನಾಳೆ ಬರ್ತೀನಿ ಮಿಸ್ಸೇ. ಬಾಕಿ ನಿಮ್ಮದೇ."

"ಬಾರೇ," ಎಂದರು ಮಿಸ್ಸು, ಕರುವನ್ನು ಎಳೆಯಲಾಗದೆ ಎಳೆಯುತ್ತ. "ಬಾಕಿ ನಿನ್ನದು."